ಮೈ ಚಿಕ್ಕಮಾವನಿಗೆ, ಹೊಟ್ಟೆ ಅತ್ತೆಗೆ

ಮೊದಲು ವಾಸನೆ ಬಂತು, ಆಮೇಲೆ ಗಂಟು ಕಂಡಿತು.

ಹೋದ ವಾರ ಹೆಮ್ಮಿಗೆ ಕಡೆ ಒಂದು ಹಳೆಯ ಟ್ರ್ಯಾಕ್ಟರ್ ನೋಡಲು ಹೋಗಿದ್ದೆ. ಬಿಸಿಲು ಜೋರಾಗಿತ್ತು. ನಾಲೆಯ ಏರಿಯ ಮೇಲೆ ಆಲದ ಮರದ ನೆರಳಲ್ಲಿ ಬೈಕು ನಿಲ್ಲಿಸಿ ಮುಖ ಒರೆಸಿಕೊಳ್ಳುತ್ತಿದ್ದಾಗ ಆ ಹುಳಿ ವಾಸನೆ ಮೂಗಿಗೆ ಹೊಡೆಯಿತು. ತಲೆ ಎತ್ತಿದರೆ ಒಂದು ಬಿಳಲಿಗೆ ಯೂರಿಯಾ ಚೀಲದ ಗಂಟು ತೂಗುತ್ತಿತ್ತು. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಪೇಟೆಯವರಿಗಾಗಿ ಹೇಳುತ್ತೇನೆ. ಹಸುವೋ ಎಮ್ಮೆಯೋ ಕರು ಹಾಕಿದ ಮೇಲೆ ಬೀಳುವ ಮಾಸನ್ನು ಕಂಡಕಂಡಲ್ಲಿ ಎಸೆಯುವುದಿಲ್ಲ. ನಾಯಿ ತಿಂದರೆ ತಾಯಿಯ ಹಾಲು ಬತ್ತುತ್ತದೆ ಎಂದು ನಂಬಿಕೆ. ಅದಕ್ಕೇ ಹುಲ್ಲಿನಲ್ಲಿ ಸುತ್ತಿ, ಗೋಣಿಗೆ ತುಂಬಿ, ಹಾಲು ಸುರಿಸುವ ಮರಕ್ಕೆ, ಆಲವೋ ಅತ್ತಿಯೋ ಹತ್ತಿರ ಯಾವುದಿದ್ದರೆ ಅದಕ್ಕೆ, ಕಟ್ಟುತ್ತಾರೆ.

ಮರ ಅದೇ ಮರ. ನಾನು ಗಂಟು ನೋಡುವುದು ಬಿಟ್ಟು ಮೇಲಿನ ಕೊಂಬೆಯಲ್ಲಿ ಬೇರೇನನ್ನೋ ಹುಡುಕತೊಡಗಿದೆ...

ನಾನು ನಂಜನಗೂಡಿನಲ್ಲಿ ಹಳೆ ಟ್ರ್ಯಾಕ್ಟರು, ಟಿಲ್ಲರು, ಮೋಟಾರುಗಳ ವ್ಯಾಪಾರ ಮಾಡುವವನು. ದೇವನೂರಿನಿಂದ ಬರಿಗೈಯಲ್ಲಿ ಬಸ್ಸು ಹತ್ತಿ ಬಂದವನು. ಯಾರೂ ನನಗೆ ಕಲಿಸಲಿಲ್ಲ, ನಾನೇ ಕಲಿತೆ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತೇನೆ. ಅದು ಪೂರ್ತಿ ನಿಜವಲ್ಲ. ಯಾವ ವಸ್ತುವನ್ನೂ ಎದುರಿನಿಂದ ನೋಡಬಾರದು ಎಂದು ಕಲಿಸಿದವಳು ನನ್ನ ಸೋದರತ್ತೆ. ನೀವೂ ಕಲಿತುಕೊಳ್ಳಿ, ಪುಕ್ಕಟೆ ಹೇಳುತ್ತಿದ್ದೇನೆ: ಹಳೆ ಟ್ರ್ಯಾಕ್ಟರ್ ಕೊಳ್ಳಲು ಹೋದರೆ ಮೊದಲು ಟ್ರ್ಯಾಕ್ಟರ್ ನೋಡಬೇಡಿ, ಅದು ನಿಂತಿದ್ದ ನೆಲ ನೋಡಿ. ಎಣ್ಣೆ ಸೋರಿದ್ದರೆ ನೆಲ ಹೇಳುತ್ತದೆ. ಸೋರಿದ ಜಾಗಕ್ಕೆ ಹೊಸ ಮಣ್ಣು ಎರಚಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತದೆ.

ಅತ್ತೆ ಎಂದರೆ ನಮ್ಮಪ್ಪನ ಅಕ್ಕ. ಹೆಮ್ಮಿಗೆಯ ಬಳಿ ನಾಲೆಯ ಪಕ್ಕದ ತೋಟದ ಮನೆಗೆ ಕೊಟ್ಟಿದ್ದರು. ಉದ್ದನೆಯ, ಒಣಕಲು ಹೆಂಗಸು. ಯಾರ ಮನೆಯಲ್ಲಿ ಮಜ್ಜಿಗೆ ಕೊಟ್ಟರೂ ಮೂಸದೆ ಕುಡಿದವಳಲ್ಲ. ಸಂಜೆಯಾದರೆ ಕೊಟ್ಟಿಗೆಯ ಹೊಸಿಲಿಗೆ ತೆಳ್ಳಗೆ ಬೂದಿ ಉದುರಿಸುವಳು. ಬೆಳಿಗ್ಗೆ ಎದ್ದು ಅದರಲ್ಲಿ ಯಾರ ಹೆಜ್ಜೆ ಬಿದ್ದಿದೆ ಎಂದು ಬಗ್ಗಿ ನೋಡುವಳು. ಬೆಕ್ಕಿನ ಹೆಜ್ಜೆ ಕಂಡರೂ ಯಾರ ಮನೆಯ ಬೆಕ್ಕು ಎಂದು ವಿಚಾರಿಸುವಳು.

ಅವಳ ಗಂಡ, ನಮ್ಮ ಮಾವ, ಮತ್ತು ಅವನ ತಮ್ಮ ಕೂಡಿ ತಿರುಮಕೂಡಲು ನರಸೀಪುರದ ಬಸ್‌ಸ್ಟ್ಯಾಂಡಿನಲ್ಲಿ ಜಟಕಾ ಓಡಿಸುತ್ತಿದ್ದರು. ಆ ತಮ್ಮನನ್ನು ನಾವು ಚಿಕ್ಕಮಾವ ಎನ್ನುತ್ತಿದ್ದೆವು. ಗಾಡಿ ಒಂದೇ, ಕುದುರೆ ಒಂದೇ. ಒಂದು ದಿನ ಅಣ್ಣ, ಒಂದು ದಿನ ತಮ್ಮ. ಕುದುರೆ ಹೆಣ್ಣು, ಕೆಂಚು ಬಣ್ಣದ್ದು, ಕೆಂಚಿ ಎಂದೇ ಕರೆಯುತ್ತಿದ್ದರು. ಕೆಂಚಿಗೆ ವಯಸ್ಸಾಗುತ್ತಿದೆ, ಒಂದು ಮರಿಯಾದರೂ ತೆಗೆಯೋಣ ಎಂದು ಮಾವ ಅದನ್ನು ತಗಡೂರು ಕಡೆ ಯಾರ ಬಳಿಯೋ ಇದ್ದ ಒಳ್ಳೆಯ ಗಂಡು ಕುದುರೆಯ ಹತ್ತಿರಕ್ಕೆ ನಡೆಸಿಕೊಂಡು ಹೋಗಿ ಬಂದ. ಬಂದವನು ಮೀಸೆ ತಿರುವುತ್ತ, "ಮರಿ ಬಂದ್ರೆ ನೋಡ್ಲಾ, ಆಟೋದವರೆಲ್ಲ ನಮ್ ಇಂದೆ ಇಂದೆ ಬರ್ಬೇಕು" ಎಂದಿದ್ದ. ಮರಿ ಬರುವುದರೊಳಗೆ ಅವನೇ ಹೋದ. ಎದೆ ಉರಿ ಎಂದು ಜಗುಲಿಯ ಮೇಲೆ ಕೂತವನು ಏಳಲಿಲ್ಲ.

ತಿಥಿ ಮುಗಿದ ಮೇಲೆ ಪಾಲಿನ ಮಾತು ಬಂತು. ಜಮೀನು ಭಾಗವಾಯಿತು, ಪಾತ್ರೆ ಭಾಗವಾಯಿತು. ಅತ್ತೆಗೆ ನಾಲೆ ಪಕ್ಕದ ತುಂಡು ಬಂತು. ಕುದುರೆಯ ಹತ್ತಿರ ಬಂದಾಗ ಮಾತು ನಿಂತಿತು. ಗಾಡಿ ಓಡಿಸುವವನು ಚಿಕ್ಕಮಾವ, ಕುದುರೆ ಇಲ್ಲದೆ ಅವನಿಗೆ ಹೊಟ್ಟೆಪಾಡಿಲ್ಲ. ಅತ್ತೆಯೋ, ತನ್ನ ಗಂಡ ಕಡೆಯದಾಗಿ ಆಸೆಪಟ್ಟು ಮಾಡಿಸಿದ್ದು ಆ ಹೊಟ್ಟೆಯಲ್ಲಿದೆ, ಬಿಡುವುದಿಲ್ಲ ಎಂದಳು. ಊರಿನ ಹಿರಿಯರು ಗಬ್ಬದ ಹಸುವನ್ನು ಭಾಗ ಮಾಡುವಂತೆಯೇ ಇದನ್ನೂ ಮಾಡಿದರು: ಮೈ ಮೈದುನನಿಗೆ, ಹೊಟ್ಟೆ ಅತ್ತಿಗೆಗೆ. ಮರಿ ಹಾಕಿದ ದಿನವೇ ಕುದುರೆ ಅವನ ಕೈಗೆ, ಅಲ್ಲಿಯವರೆಗೆ ಅತ್ತೆಯ ಕೊಟ್ಟಿಗೆಯಲ್ಲಿ. ಎಲ್ಲರೂ ಒಪ್ಪಿ ಕಾಫಿ ಕುಡಿದು ಎದ್ದರು.

ಆ ಸಂಜೆ ಎಮ್ಮೆ ಕರೆಯುತ್ತ ಕೂತಿದ್ದ ಅತ್ತೆಯ ಕೈ ತಟ್ಟನೆ ನಿಂತಿತು.

"ಲೇ ಅಳಿಯ, ಹಾಲು?" ಎಂದಳು.

ನನಗೆ ಅರ್ಥವಾಗಲಿಲ್ಲ. ಆಗ ನನಗಿನ್ನೂ ಮದುವೆಯಾಗಿರಲಿಲ್ಲ, ಕುರಿ ವ್ಯಾಪಾರಕ್ಕೆಂದು ಆ ಕಡೆ ಹಳ್ಳಿಗಳಲ್ಲಿ ಓಡಾಡಿಕೊಂಡು ಅತ್ತೆಯ ಮನೆಯಲ್ಲೇ ಉಳಿದುಕೊಂಡಿದ್ದೆ.

"ಮೈ ಅವ್ನಿಗಂತೆ, ಒಟ್ಟೆ ನಂಗಂತೆ. ಕೆಚ್ಚಲು ಯಾರ್ಗೆ? ಉಟ್ಟಿದ್ ದಿನ್ವೇ ತಾಯ್ನ ಇಡ್ಕೊಂಡೋದ್ರೆ ಮರಿ ಏನ್ ಮಣ್ ತಿನ್ತದಾ? ಎಮ್ಮೆ ಆಲು ಕುಡ್ಸುದ್ರೆ ಬೇದಿ ಆಗಿ ಸತ್ತೋಯ್ತದೆ ಕಣ್ಲಾ."

ಅಷ್ಟು ಜನ ಹಿರಿಯರು ಕೂತು, ಒಂದು ಪ್ರಾಣಿಯನ್ನು ಒಳಗು ಹೊರಗು ಎಂದು ಕೊಯ್ದು ಹಂಚಿ, ಹಾಲಿನ ಮಾತನ್ನೇ ಎತ್ತಿರಲಿಲ್ಲ. ಅವರು ದನ ಸಾಕಿದವರು. ಕರುವಿಗೆ ತಾಯಿಯಿಲ್ಲದಿದ್ದರೆ ಪಕ್ಕದ ಮನೆಯ ಹಸು ಇರುತ್ತದೆ. ಪಕ್ಕದ ಮನೆಯಲ್ಲಿ ಕುದುರೆ ಎಲ್ಲಿಂದ ಬರಬೇಕು?

"ಇನ್ನೊಂದ್ಸಲ ಪಂಚಾಯ್ತಿ ಕರುಸ್ಬುಡಿ ಅತ್ತೆ" ಎಂದೆ. ಇವತ್ತಿಗೂ ನನ್ನ ಸಲಹೆ ಅದೇ: ಮಾತಾಡುವಾಗ ಬಿಟ್ಟುಹೋದದ್ದನ್ನು ಸಹಿ ಬೀಳುವ ಮೊದಲೇ ಸೇರಿಸಿಕೊಳ್ಳಬೇಕು. ಅತ್ತೆ ಒಪ್ಪಲಿಲ್ಲ.

"ಒಂದ್ ಮಾತ್ ತಗುದ್ರೆ ಎಲ್ಲಾ ಮಾತೂ ತಗೀತರೆ. ನಾಲೆ ಪಕ್ಕದ್ದು ನಂಗ್ ಬಂದಿರೋದು ಅವನ್ ಎಂಡ್ರಿಗೆ ಒಟ್ಟೆಗಿಚ್ಚು. ಅದ್ನೂ ತಿರ್ಗ ಅಳ್ಸ್ತರೆ. ಆಲಿನ್ ವಿಸ್ಯ ಅವ್ನಿಗ್ ಗೊತ್ತಿಲ್ಲ ಅನ್ಕಂಡಿದ್ದೀಯಾ? ಜಟಕಾದವ್ನು. ಗೊತ್ತಿದ್ದೇ ಸುಮ್ನಿದ್ದ. ಮರಿ ಸತ್ರೆ ಅವ್ನಿಗೇನು ನಷ್ಟ?"

ಮರುದಿನದಿಂದ ಚಿಕ್ಕಮಾವ ದಿನವೂ ಬರತೊಡಗಿದ. ಬೆಳಿಗ್ಗೆ ಬಂದು ಕೊಟ್ಟಿಗೆಯ ಎದುರು ಒರಳುಕಲ್ಲಿನ ಮೇಲೆ ಕೂರುವನು. ಅತ್ತೆ ಹೊಸಿಲ ಮೇಲೆ ಕೂರುವಳು. ಅವನು ತನ್ನ ಚೀಲದಿಂದ ಎಲೆ ಅಡಿಕೆ ಹಾಕಿಕೊಂಡರೆ ಇವಳು ತನ್ನ ಚೀಲದಿಂದ. ಒಬ್ಬರ ಸುಣ್ಣ ಒಬ್ಬರು ಮುಟ್ಟರು. ನಡುವೆ ಕೆಂಚಿ ದೊಡ್ಡ ಹೊಟ್ಟೆ ಹೊತ್ತು, ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಇಬ್ಬರನ್ನೂ ನೋಡುತ್ತ ನಿಂತಿರುತ್ತಿತ್ತು.

"ಏನತ್ಗೆ, ಇನ್ನೂ ಇಲ್ವಾ?"

"ನಿಂಗ್ ಏಳ್ದೆ ಹಾಕ್ತದಾ? ಸೂಲಗಿತ್ತಿ ಕುಂತಂಗೆ ಕುಂತಿದ್ದೀಯಲ್ಲ."

"ನನ್ ಕುದ್ರೆ, ನಾನ್ ನೋಡ್ಬಾರ್ದಾ?"

"ನೋಡು. ಮೈ ಮಾತ್ರ ನೋಡು. ಒಟ್ಟೆ ಕಡೆ ಕಣ್ಣಾಕ್ಬೇಡ."

ಕೆಚ್ಚಲು ಬಿಗಿಯಿತು. ಬಾಲದ ಬುಡ ಸಡಿಲವಾಯಿತು. ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಕಟ್ಟಿತು. ಇನ್ನೇನು ಇವತ್ತು, ಇನ್ನೇನು ನಾಳೆ... ಆದರೆ ಕೆಂಚಿ ಹಾಕಲೊಲ್ಲದು. ಕುದುರೆಯ ಜಾತಿಯೇ ಹಾಗೆ. ಎದುರಿಗೆ ಯಾರಾದರೂ ಕಣ್ಣು ಬಿಟ್ಟುಕೊಂಡು ಕೂತಿದ್ದರೆ ನೋವನ್ನು ತಡೆದು ಹಿಡಿಯುತ್ತದೆ. ಇಲ್ಲಿ ಹಗಲಿಗೆ ಎರಡು ಜೊತೆ ಕಣ್ಣು, ಕತ್ತಲಾದರೆ ಅತ್ತೆಯ ಲಾಟೀನು. ಕುದುರೆಯ ಮೇಲೆ ಕಣ್ಣಿಟ್ಟಿದ್ದಾರೆ ಎಂದು ನಾನು ಅಂದುಕೊಂಡಿದ್ದೆ. ಒಂದು ದಿನ ಬೇಲಿಯ ಆಚೆ ನಿಂತು ನೋಡಿದೆ. ಅತ್ತೆ ನೋಡುತ್ತಿದ್ದುದು ಚಿಕ್ಕಮಾವನ ಕೈಯನ್ನು. ಚಿಕ್ಕಮಾವ ನೋಡುತ್ತಿದ್ದುದು ಅತ್ತೆಯ ಮುಖವನ್ನು.

ಆ ನಡುವೆ ಒಂದು ಬೀಗರೂಟ ಬಂತು. ಮದುವೆ ಹುಡುಗಿ ಎರಡೂ ಮನೆಗೆ ಬೇಕಾದವಳು, ತಪ್ಪಿಸುವಂತಿಲ್ಲ. ಅತ್ತೆ ಹೋಗದಿದ್ದರೆ ಚಿಕ್ಕಮಾವ ಹೋಗುವುದಿಲ್ಲ. ಅವನು ಹೋಗದಿದ್ದರೆ ಇವಳು ಹೋಗುವುದಿಲ್ಲ. ಕೊನೆಗೆ ಇಬ್ಬರೂ ಒಂದೇ ಹೊತ್ತಿಗೆ ಹೊರಟು, ರಸ್ತೆಯ ಆ ಬದಿ ಒಬ್ಬರು ಈ ಬದಿ ಒಬ್ಬರು ನಡೆದರು. ಹೊರಡುವ ಮುಂಚೆ ಅತ್ತೆ ನನ್ನನ್ನು ಹಿತ್ತಲಿಗೆ ಕರೆದಳು.

"ಕುದ್ರೆ ನೋಡ್ಕೊ. ಏನಾರ ಆದ್ರೆ ಬಂದು ನಂಗೊಬ್ಳಿಗೇ ಏಳು. ಅವ್ನ್ ಜೊತೆ ಮಾತಾಡಿದ್ದು ಕಂಡ್ರೆ..."

"ನನ್ ಮೇಲೂ ಅನ್ಮಾನ್ವಾ ಅತ್ತೆ?"

"ವ್ಯಾಪಾರ ಮಾಡೋನು ಕಣ್ಲಾ ನೀನು" ಎಂದು ಸೆರಗು ಕೊಡವಿ ಹೋದಳು. ಅದನ್ನು ಬೈಗುಳ ಎಂದುಕೊಳ್ಳಬೇಕೋ ಹೊಗಳಿಕೆ ಎಂದುಕೊಳ್ಳಬೇಕೋ ನನಗೆ ಇವತ್ತಿಗೂ ತಿಳಿಯದು.

ಮಧ್ಯಾಹ್ನ ತ್ರೀ ಫೇಸ್ ಕರೆಂಟು ಬಂತು. ಬಾಳೆಗೆ ನೀರು ಬಿಡಬೇಕಿತ್ತು. ಮೋಟಾರು ಹಾಕಿ, ಪಾತಿ ತಿರುಗಿಸಿ ಬರಲು ಎಷ್ಟು ಹೊತ್ತು? ಬಂದು ನೋಡಿದರೆ ಕೆಂಚಿ ಮಲಗಿ ಎದ್ದಾಗಿತ್ತು. ಒಣಹುಲ್ಲಿನ ಮೇಲೆ ಒದ್ದೆ ಒದ್ದೆಯಾದ, ಉದ್ದ ಕಾಲಿನದೊಂದು ಮರಿ ತಾನು ಎಲ್ಲಿಗೆ ಬಂದೆ ಎಂದು ತಿಳಿಯದೆ ಕಿವಿ ಅಲ್ಲಾಡಿಸುತ್ತಿತ್ತು. ಗಂಡು. ತಾಯಿ ನೆಕ್ಕುತ್ತಿತ್ತು. ನಾನು ಎಲ್ಲಿ ಹೆಜ್ಜೆ ಇಟ್ಟರೆ ಏನಾಗುತ್ತದೋ ಎಂದು ಅಲ್ಲೇ ನಿಂತೆ. ಅದು ಎದ್ದು, ಬಿದ್ದು, ಮತ್ತೆ ಎದ್ದು ಮೊಲೆ ಹುಡುಕಿಕೊಂಡಿತು. ಆ ಚೀಪುವ ಸದ್ದು ಕೇಳಿದ ಮೇಲೆ ನಾನು ಉಸಿರು ಬಿಟ್ಟೆ.

ಓಡಿದೆ. ಊಟದ ಶಾಮಿಯಾನದೊಳಗೆ ಅತ್ತೆ ಹೆಂಗಸರ ಸಾಲಿನಲ್ಲಿ ಮುದ್ದೆ ಮುರಿಯುತ್ತಿದ್ದಳು. ಸರಿಯಾಗಿ ಅವಳ ಮುಖ ಕಾಣುವ ಹಾಗೆ ಎದುರಿನ ಸಾಲಿನಲ್ಲಿ ಚಿಕ್ಕಮಾವ. ನನ್ನನ್ನು ಕಂಡು ಅವನ ಕೈಯಲ್ಲಿದ್ದ ಮೂಳೆ ಅಲ್ಲೇ ನಿಂತಿತು.

"ಅತ್ತೆ, ನೀರು ಬಿಟ್ಟಿದ್ದೀನಿ" ಎಂದೆ, ಏದುಸಿರು ತಡೆದುಕೊಂಡು.

ಅತ್ತೆ ತಲೆ ಎತ್ತಲಿಲ್ಲ. "ಕ್ವನೆ ಪಾತಿಗೂ ಓಯ್ತಾ?"

"ಓಯ್ತು. ತುಂಬ್ತು."

"ಏರಿ ಒಡೀನಿಲ್ಲ ತಾನೆ?"

"ಇಲ್ಲ ಕಣತ್ತೆ. ಎಲ್ಲಾ ಗಟ್ಟಿಯಾಗದೆ."

ಅವಳ ಮುಖದ ಒಂದು ನರವೂ ಅಲುಗಲಿಲ್ಲ. ಬಡಿಸುವವನನ್ನು ಕರೆದು ಇನ್ನೊಂದು ಮುದ್ದೆ ಹಾಕಿಸಿಕೊಂಡಳು. ಸಾರು ಹಾಕಿಸಿಕೊಂಡಳು. ಹುಡುಗಿಯ ತಾಯಿಯ ಹತ್ತಿರ ಉಪ್ಪು ಸರಿಯಾಗಿದೆ ಎಂದಳು. ಬಾಳೆಹಣ್ಣು ಸುಲಿದು ತಿಂದು, ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಎದ್ದಳು. ವ್ಯಾಪಾರಕ್ಕೆ ಕೂತಾಗಲೆಲ್ಲ ನನಗೆ ಆ ಎರಡನೆಯ ಮುದ್ದೆ ನೆನಪಾಗುತ್ತದೆ. ನಿಮಗೆ ಬಹಳ ಬೇಕಾದ ವಸ್ತು ಎದುರಿಗಿದ್ದಾಗ ಇನ್ನೊಂದು ಮುದ್ದೆ ತಿನ್ನುವ ತಾಳ್ಮೆ ನಿಮ್ಮಲ್ಲಿದ್ದರೆ ಯಾರೂ ನಿಮಗೆ ಮೋಸ ಮಾಡಲಾರರು.

ಚಿಕ್ಕಮಾವ ತನ್ನ ಮನೆಗೆ ಹೋದ ಮೇಲೆ, ಅವತ್ತೇ, ಕೆಂಚಿಯನ್ನೂ ಮರಿಯನ್ನೂ ಕಬ್ಬಿನ ಗದ್ದೆಯ ಹಿಂದಿದ್ದ ಹಳೆಯ ಆಲೆಮನೆಗೆ ಸಾಗಿಸಿದೆವು. ಬೆಲ್ಲ ಮಾಡುವುದು ನಿಂತು ಎಷ್ಟೋ ಕಾಲವಾಗಿತ್ತು. ಬಾಗಿಲಿಗೆ ಗೋಣಿಯ ಪರದೆ ಬಿತ್ತು. ಮಾಸನ್ನು ಹೂತುಬಿಡೋಣ ಎಂದೆ, ಅದೊಂದೇ ಸಾಕ್ಷಿ ಉಳಿದಿದ್ದುದು. ಅತ್ತೆ ನನ್ನ ಮೇಲೆ ಹರಿಹಾಯ್ದಳು.

"ಊತ್ರೆ ನಾಯಿ ಕೆರ್ದು ತಿನ್ತವೆ. ಆಲು ಬತ್ತೋದ್ರೆ ನಿಮ್ಮಪ್ಪ ಕೊಡ್ತನಾ?"

ಊರನ್ನೆಲ್ಲ ಯಾಮಾರಿಸಲು ಹೊರಟವಳು, ಆ ಗಂಟನ್ನು ಮಾತ್ರ ತನ್ನ ಹಳೆ ಸೀರೆಯ ಅಂಚಿನಿಂದ ಕಟ್ಟಿ, ನಾಲೆಯ ಏರಿಯ ಮೇಲಿನ ಆಲಕ್ಕೆ, ತನ್ನ ಕೈ ಎಟುಕುವಷ್ಟು ಎತ್ತರದಲ್ಲಿ, ಓಡಾಡುವ ದಾರಿಗೇ ತೂಗಹಾಕಿ ಬಂದಳು. ಯಾರಾದರೂ ಕೇಳಿದರೆ ಎಮ್ಮೆಯದು ಎನ್ನು ಎಂದಳು. ಎಮ್ಮೆ ಈದು ಎಷ್ಟೋ ತಿಂಗಳಾಗಿತ್ತು, ಅದೂ ಊರಿಗೆಲ್ಲ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಚಿಕ್ಕಮಾವ ಬಂದ. ಅತ್ತೆ ಪರದೆಯ ಮುಂದೆ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಇನ್ಮೇಲಿಂದ ಮರಿ ಹಾಕೋಗಂಟ ಯಾರೂ ನೋಡಂಗಿಲ್ಲ. ಕಣ್ಣಾಗ್ತಾ ಅದೆ. ಅದ್ಕೇ ತಡ ಆಗ್ತಿರೋದು."

ಜಗಳವಾಗುತ್ತದೆ ಎಂದು ನಾನು ಪಂಚೆ ಎತ್ತಿ ಕಟ್ಟಿಕೊಂಡೆ. ಚಿಕ್ಕಮಾವ ಪರದೆಯನ್ನು ನೋಡಿದ, ಅತ್ತೆಯನ್ನು ನೋಡಿದ. "ಸರಿ ಅತ್ಗೆ" ಎಂದು, ಪರದೆಯ ಹೊರಗೆ ಒಂದು ಕಲ್ಲು ಎಳೆದುಕೊಂಡು, ಬೆನ್ನು ತಿರುಗಿಸಿ ಕೂತ.

ನನಗೆ ಅವತ್ತೇ ಅನುಮಾನ ಶುರುವಾದದ್ದು. ಚೌಕಾಸಿ ಮಾಡದ ಗಿರಾಕಿಯನ್ನು ನಂಬಬೇಡಿ. ಹೇಳಿದ ಬೆಲೆಗೆ ತಲೆಯಾಡಿಸುವವನು ನಿಮಗೆ ಗೊತ್ತಿಲ್ಲದ್ದೇನನ್ನೋ ತಿಳಿದುಕೊಂಡಿರುತ್ತಾನೆ. ಇವನಿಗೆ ಕುದುರೆಯಿಲ್ಲದೆ ಗಾಡಿ ಮೂಲೆಗೆ ಬಿದ್ದಿತ್ತು. ಅಕ್ಕಿ ಗಿರಣಿಯಲ್ಲಿ ಮೂಟೆ ಹೊರಲು ಹೋಗುತ್ತಿದ್ದ. ಜಟಕಾದ ಮೇಲೆ ಕೂತು ಗತ್ತಿನಿಂದ ಚಾವಟಿ ಬೀಸುತ್ತಿದ್ದವನು ಬೆನ್ನಿಗೆ ಗೋಣಿ ಹೊದ್ದು ನಡೆಯುತ್ತಿದ್ದ. ಆದರೂ ತಕರಾರಿಲ್ಲ. ದಿನವೂ ಬಂದು ಅದೇ ಪ್ರಶ್ನೆ: "ಇನ್ನೂ ಇಲ್ವಾ ಅತ್ಗೆ?" ದಿನವೂ ಅದೇ ಉತ್ತರ: "ಇನ್ನೂ ಇಲ್ಲ."

ಒಂದು ದಿನ ಅವನು ಬೇಯಿಸಿದ ಹುರುಳಿ ತಂದ. "ಕೆಂಚಿಗೆ. ಒಟ್ಟೇಲಿರೋದ್ಕೂ ಸೇರಿ" ಎಂದ. ಅವನು ಹೋದ ಮೇಲೆ ಅತ್ತೆ ಅದನ್ನು ಮೂಸಿದಳು, ಬೆರಳಲ್ಲಿ ಹಿಸುಕಿದಳು, ಆಮೇಲೆ ಒಂದು ಹಿಡಿ ನನ್ನ ಕೈಗೆ ಹಾಕಿದಳು.

"ತಿನ್ನು."

"ನಾನ್ಯಾಕತ್ತೆ?"

"ಕುದ್ರೆ ಸತ್ರೆ ತರಕ್ಕಾಯ್ತದಾ? ತಿನ್ಲಾ."

ತಿಂದೆ. ಉಪ್ಪಿಲ್ಲ ಎನ್ನುವುದು ಬಿಟ್ಟರೆ ಬೇರೆ ದೋಷವಿರಲಿಲ್ಲ. ಅತ್ತೆ ನನ್ನನ್ನು ಸಂಜೆಯವರೆಗೆ ಓರೆಗಣ್ಣಲ್ಲಿ ನೋಡುತ್ತಿದ್ದು, ಆಮೇಲೆ ಕೆಂಚಿಗೆ ಇಟ್ಟಳು.

ಇನ್ನೊಂದು ದಿನ ಅವನು ಕಲ್ಲಿನ ಮೇಲೆ ಕೂತಿದ್ದಾಗಲೇ ಒಳಗೆ ಮರಿ ಕೆನೆಯಿತು. ಸಣ್ಣ, ಎಳೆಯ, ಗಾಳಿಯನ್ನು ಸೀಳುವಂಥ ಕೂಗು. ಅತ್ತೆ ಬಕೀಟನ್ನು ಕಲ್ಲಿಗೆ ಬಡಿದಳು, ಕೆಮ್ಮಿದಳು, ನನ್ನನ್ನು ಸುಮ್ಮನೆ ಬೈದಳು. ಚಿಕ್ಕಮಾವ ಎಲೆಗೆ ಸುಣ್ಣ ಸವರುತ್ತ, ತಲೆಯೆತ್ತದೆ ಹೇಳಿದ:

"ಮೋಟ್ರು ಬೆಲ್ಟು ಕಿರುಗುಡ್ತಾ ಅದೆ ಅತ್ಗೆ. ವಸಿ ಸೋಪು ಸವರ್ಸಿ."

"ಸವರುಸ್ತೀನಿ" ಎಂದಳು ಅತ್ತೆ.

ಅವನು ಹೋದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಆ ಹೊತ್ತಿನಲ್ಲಿ ಕರೆಂಟೇ ಇರಲಿಲ್ಲ.

ಅವತ್ತಿನಿಂದ ಅತ್ತೆ ಆಲೆಮನೆಯ ಬಾಗಿಲಿಗೂ ಬೂದಿ ಉದುರಿಸತೊಡಗಿದಳು. ದಿನ ಬೆಳಿಗ್ಗೆ ನೋಡಿದರೆ ಒಂದು ಹೆಜ್ಜೆಯೂ ಬಿದ್ದಿರುತ್ತಿರಲಿಲ್ಲ. ಅದೇ ಅವಳಿಗೆ ಇನ್ನೂ ದೊಡ್ಡ ಅನುಮಾನವಾಯಿತು.

"ಒಂದ್ಸಲ್ವಾದ್ರೂ ಇಣುಕ್ಬೇಕಿತ್ತಲ್ಲ ಕಣ್ಲಾ? ಇಣುಕ್ದೆ ಇದ್ದಾನೆ ಅಂದ್ರೆ ಎಲ್ಲಾ ತಿಳ್ಕೊಂಡೇ ಅವ್ನೆ. ಏನೋ ಇಕ್ಮತ್ತು ಮಾಡ್ತಾವ್ನೆ."

ಗಾಳಿ ಮಳೆ ಬಂದು ನಿಂತ ಒಂದು ಬೆಳಿಗ್ಗೆ ನಾನು ನಾಲೆಯ ಏರಿಯ ಮೇಲೆ ಬರುತ್ತಿದ್ದೆ. ಆಲದ ಮರದ ಕೆಳಗೆ ಅತ್ತೆಯ ಸೀರೆಯ ಅಂಚು ಹರಿದು ಬಿದ್ದಿತ್ತು. ಗಂಟು ಕೆಳಗೆ ಬಿದ್ದು ನಾಯಿಯ ಪಾಲಾಯಿತು ಎಂದುಕೊಂಡೆ. ಮೇಲೆ ನೋಡಿದರೆ ಅದು ಇತ್ತು. ಮೊದಲಿಗಿಂತ ಬಹಳ ಎತ್ತರದಲ್ಲಿ, ಗಂಡಸು ಮರ ಹತ್ತಿದರೆ ಮಾತ್ರ ಸಿಗುವ ಕೊಂಬೆಗೆ, ತೊಗಲಿನ ಪಟ್ಟಿಯೊಂದರಿಂದ ಬಿಗಿದು ಕಟ್ಟಿತ್ತು. ಪಟ್ಟಿಯ ಹಿತ್ತಾಳೆಯ ಬಕಲ್ಲು ಬಿಸಿಲಿಗೆ ಹೊಳೆಯಿತು. ಅದು ನನಗೆ ಗೊತ್ತಿದ್ದ ಪಟ್ಟಿ. ಅಣ್ಣ ತಮ್ಮ ಇಬ್ಬರೂ ಜೊತೆಗೆ ಮೈಸೂರಿಗೆ ಹೋಗಿ, ಕೆಂಚಿಯ ಅಳತೆ ಕೊಟ್ಟು ಮಾಡಿಸಿದ್ದ ಹೊಟ್ಟೆಪಟ್ಟಿ. ಅದಿಲ್ಲದೆ ಕುದುರೆಯನ್ನು ಗಾಡಿಗೆ ಕಟ್ಟಲು ಬರುವುದಿಲ್ಲ.

ಅತ್ತೆಯನ್ನು ಕರೆದುಕೊಂಡು ಬಂದು ತೋರಿಸಿದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಬಹಳ ಹೊತ್ತು ನೋಡಿದಳು.

"ಚಿಕ್ಕಮಾವ್ನೇ ಕಟ್ಟವ್ನೆ ಅತ್ತೆ. ನಾಯಿ ತಿಂದ್ರೆ ಆಲು ಬತ್ತೋಯ್ತದೆ ಅಂತ... ಅವ್ನಿಗೆ ಮೊದ್ಲಿಂದ್ಲೂ ಗೊತ್ತು."

"ಗೊತ್ತು" ಎಂದಳು ಅತ್ತೆ. "ಅದ್ಕೇ ಸಾಕ್ಷಿ ಎತ್ತಿ ಮಡಗವ್ನೆ. ನಾಳಿಕೆ ಪಂಚಾಯ್ತಿ ಸೇರುಸ್ತನೆ, ಮರದ್ ಬುಡಕ್ಕೇ ಎಲ್ರುನ್ನೂ ಕರ್ಕಬತ್ತನೆ. ಪಟ್ಟಿ ಬೇರೆ ತನ್ದೇ ಕಟ್ಟವ್ನೆ, ನಾನ್ ಬಿಚ್ಚುದ್ರೆ ಗೊತ್ತಾಗ್ಲಿ ಅಂತ."

ಹಾಲಿಗೆ, ಸಾಕ್ಷಿಗೆ, ಎರಡು ಲೆಕ್ಕವೂ ಸರಿಯಾಗಿ ಕೂಡುತ್ತಿದ್ದವು. ನಾನೂ ಅವತ್ತು ಅತ್ತೆಯ ಕಡೆಗೇ ವಾಲಿದೆ. ನನ್ನ ಕಸುಬು ಅಂಥದು. ಸಂಜೆ ಅವಳು ಕಬ್ಬಿನ ನಡುವೆ ಹೊಸ ದಾರಿ ಕಡಿಸಿದಳು, ಪಂಚಾಯಿತಿಯವರು ಬಂದರೆ ಮರಿಯನ್ನು ಹಿಂದಿನಿಂದ ಸಾಗಿಸಲು. ನಾವು ಕಾದೆವು. ಮರಿ ಹುಟ್ಟುವ ಮೊದಲು ಕಾದದ್ದಕ್ಕಿಂತ ಇದೇ ಕಷ್ಟ. ಅವರು ಇವತ್ತು ಬಂದಾರು, ನಾಳೆ ಬಂದಾರು... ಯಾರೂ ಬರಲಿಲ್ಲ. ಚಿಕ್ಕಮಾವ ಮಾತ್ರ ಬರುತ್ತಿದ್ದ, ಕೂರುತ್ತಿದ್ದ, ಕೇಳುತ್ತಿದ್ದ, ಗಿರಣಿಗೆ ಹೋಗುತ್ತಿದ್ದ. ಊರಿನಲ್ಲಿ ಯಾರೋ, "ಏನಯ್ಯಾ, ಕುದ್ರೆನಾ ಆನೆನಾ, ಇಷ್ಟ್ ತಿಂಗ್ಳು ಒರಕ್ಕೆ?" ಎಂದು ಗೇಲಿ ಮಾಡಿದ್ದಕ್ಕೆ ಅವನು, "ನಮ್ಮತ್ಗೆ ಇನ್ನೂ ಇಲ್ಲ ಅಂದ್ಮೇಲೆ ಇನ್ನೂ ಇಲ್ಲ" ಎಂದನಂತೆ. ಅದನ್ನು ಕೇಳಿದ ಅತ್ತೆ ಆ ಸಂಜೆ ಆಲೆಮನೆಯ ಬಾಗಿಲಿಗೆ ಎರಡು ಸಲ ಬೂದಿ ಉದುರಿಸಿದಳು.

ಬಾಳೆಯ ಗೊನೆಗಳು ಇಳಿದು ಮುಗಿದ ಮೇಲೆ, ಒಂದು ಬೆಳಿಗ್ಗೆ, ಚಿಕ್ಕಮಾವ ಕೈಯಲ್ಲಿ ಹಗ್ಗ ಹಿಡಿದು ಬಂದ. ಕಲ್ಲಿನ ಮೇಲೆ ಕೂರಲಿಲ್ಲ.

"ಅತ್ಗೆ, ಮರಿ ಉಲ್ಲು ಕಚ್ತದಾ?"

ಅತ್ತೆಯ ಕೈಯಲ್ಲಿದ್ದ ಬಕೀಟು ಅಲ್ಲೇ ನಿಂತಿತು. ಮರಿ ಹುಟ್ಟಿದೆ ಎಂಬ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅದನ್ನು ಕೆಳಗಿಟ್ಟು ಅವಳು, "ಕಚ್ತದೆ" ಎಂದಳು.

"ಉರ್ಳಿ?"

"ನೆನ್ಸಾಕುದ್ರೆ ತಿನ್ತದೆ."

"ಆಗಾದ್ರೆ ಇವತ್ತು ಮರಿ ಹಾಕ್ತು ಅಂತ ಊರ್ಗ್ ಏಳ್ಬುಡಿ."

ಹಿರಿಯರು ಬಂದರು. ಪರದೆ ಸರಿಸಿದರು. ಎದೆ ಎತ್ತರದ ಮರಿಯೊಂದು ಬಾಯಲ್ಲಿ ಹುಲ್ಲಿನ ಎಸಳು ಕಚ್ಚಿಕೊಂಡು ಅವರನ್ನು ದಿಟ್ಟಿಸಿತು. ಒಬ್ಬರಾದರೂ ನಗಲಿಲ್ಲ. ಅವರಲ್ಲಿ ಹಿರಿಯನಾದವನು ಗಂಟಲು ಸರಿಮಾಡಿಕೊಂಡು, "ಉಟ್ತಾನೇ ಉಲ್ಲು ತಿನ್ತಾ ಅದೆ. ಗಟ್ಟಿ ಪಿಂಡ" ಎಂದ. ಉಳಿದವರು ಹೌದು ಹೌದು ಎಂದರು. ಮಾತಿನ ಪ್ರಕಾರ, ಮರಿ ಹಾಕಿದ ದಿನವೇ, ಕುದುರೆ ಚಿಕ್ಕಮಾವನ ಕೈಗೆ ಬಂತು. ಅವನು ಅದನ್ನು ಹಿಡಿದುಕೊಂಡು ನಾಲೆಯ ಏರಿಯ ಮೇಲೆ ನಡೆದು ಹೋದ. ಆಲದ ಮರದ ಕೆಳಗೆ ಒಂದು ಕ್ಷಣ ನಿಂತಂತೆ ಕಂಡಿತು. ಪಟ್ಟಿಯನ್ನು ಬಿಚ್ಚಿಕೊಳ್ಳಲಿಲ್ಲ. ಆಮೇಲೂ ಬಿಚ್ಚಿಕೊಳ್ಳಲಿಲ್ಲ. ಗಾಡಿಗೆ ಹಳೆ ಟೈರು ಕೊಯ್ದು ಮಾಡಿದ ಪಟ್ಟಿ ಹಾಕಿಕೊಂಡು ಓಡಿಸಿದ.

"ಏನೋ ಮನಸ್ನಲ್ಲಿ ಮಡಿಕ್ಕಂಡೇ ಅವ್ನೆ" ಎಂದಳು ಅತ್ತೆ, ಅವನು ಕಣ್ಣಿಗೆ ಮರೆಯಾಗುವವರೆಗೆ ನೋಡುತ್ತ ನಿಂತು.

ಮರಿಯನ್ನು ಅವಳು ಕೊನೆಯವರೆಗೆ ಮಾರಲಿಲ್ಲ. ನಾನು ಕರೆತಂದ ಗಿರಾಕಿಗಳನ್ನೆಲ್ಲ ಏನಾದರೊಂದು ಕುಂಟುನೆಪ ಹೇಳಿ ಅಟ್ಟಿದಳು. ಚಿಕ್ಕಮಾವನ ಜೊತೆ ಮಾತು ಬೆಳೆಯಲಿಲ್ಲ, ಜಗಳವೂ ಬೆಳೆಯಲಿಲ್ಲ. ಆಟೋಗಳು ಹೆಚ್ಚಾಗಿ ಜಟಕಾ ನಿಂತಿತು. ಆಮೇಲೆ ಕೆಂಚಿ ಹೋಯಿತು, ಆಮೇಲೆ ಅವನೂ ಹೋದ. ಅವನ ಮಣ್ಣಿಗೆ ಅತ್ತೆ ಬಂದಿದ್ದಳು. ದೂರದಲ್ಲಿ, ಎಲ್ಲರ ಕೈಗಳನ್ನೂ ನೋಡುತ್ತ ನಿಂತಿದ್ದಳು.

ಅವಳು ಹಾಸಿಗೆ ಹಿಡಿದ ಮೇಲೆ ನೋಡಲು ಹೋಗಿದ್ದೆ. ನಾನು ಒಯ್ದ ಕಿತ್ತಳೆಯನ್ನು ಮೂಸಿ ಪಕ್ಕಕ್ಕಿಟ್ಟಳು.

"ಆ ಪಟ್ಟಿ ಇನ್ನೂ ಮರದಲ್ಲದಾ?"

"ಅದೆ ಅತ್ತೆ. ಗಂಟು ಎಂದೋ ಉದ್ರೋಯ್ತು. ಪಟ್ಟಿ ಅದೆ."

ಪಕ್ಕಕ್ಕಿಟ್ಟಿದ್ದ ಕಿತ್ತಳೆಯನ್ನು ಮತ್ತೆ ಕೈಗೆತ್ತಿಕೊಂಡಳು.

"ಸಾಕ್ಷಿಗೇ ಕಟ್ಟಿದ್ನಾ ಅಂತ ಒಂದ್ಸಲ ಕೇಳ್ಬುಡ್ಬೇಕಿತ್ತು ಕಣ್ಲಾ."

"ಕೇಳಿದ್ರೆ ಏಳ್ತಿದ್ನಾ ಅತ್ತೆ?"

"ಏಳ್ತಿದ್ದ" ಎಂದಳು. "ನಾನ್ ನಂಬ್ತಿರ್ನಿಲ್ಲ."

ಅದಾದ ಮೇಲೆ ಅವಳನ್ನು ನಾನು ಮಾತಾಡುವ ಸ್ಥಿತಿಯಲ್ಲಿ ಕಾಣಲಿಲ್ಲ...

ಹೋದ ವಾರ ಆ ಮರದ ಕೆಳಗೆ ನಿಂತು ನಾನು ಹುಡುಕುತ್ತಿದ್ದುದು ಅದನ್ನೇ. ಸಿಕ್ಕಿತು. ಕೊಂಬೆ ದಪ್ಪವಾಗಿ ತೊಗಲನ್ನು ನುಂಗಿಬಿಟ್ಟಿದೆ. ತೊಗಟೆಯ ಮಡಿಕೆಯೊಳಗಿನಿಂದ ಬಕಲ್ಲಿನ ಒಂದು ತುದಿ ಮಾತ್ರ, ಹಸಿರು ಕಿಲುಬು ಹಿಡಿದು, ಹೊರಗೆ ಇಣುಕುತ್ತಿದೆ. ಅತ್ತೆಯ ತೋಟದಲ್ಲಿ ಈಗ ಬೇರೆ ಯಾರೋ ಇದ್ದಾರೆ. ಆಲೆಮನೆಯ ಜಾಗದಲ್ಲಿ ಕೋಳಿ ಶೆಡ್ಡು ಎದ್ದಿದೆ. ಆ ಬಕಲ್ಲಿನ ವಿಚಾರ ಗೊತ್ತಿರುವವನು ನಾನೊಬ್ಬನೇ. ಅದು ಸಾಕ್ಷಿಗೋ ಹಾಲಿಗೋ ಎಂದು ನಾನೂ ಬಾಯಿಬಿಟ್ಟು ಯಾರನ್ನೂ ಕೇಳಿದವನಲ್ಲ.

ಹೊರಡೋಣ ಎಂದು ಬೈಕಿನ ಕಡೆ ತಿರುಗಿದಾಗ ನಾಯಿ ಕಂಡಿತು. ಆ ಯೂರಿಯಾ ಚೀಲದ ಗಂಟಿನ ಕೆಳಗೇ ಕೂತು, ಮೂತಿ ಎತ್ತಿ, ತಾಳ್ಮೆಯಿಂದ ಕಾಯುತ್ತಿತ್ತು. ಯಾರು ಕಟ್ಟಿದ್ದರೋ, ಬಹಳ ಕೆಳಗೆ ಕಟ್ಟಿದ್ದರು. ಯಾರ ಮನೆಯ ಎಮ್ಮೆಯೋ, ನನಗೇನು? ಮಂಡಿ ನೋವು ಬೇರೆ. ಆದರೂ ನಾನು ಬೈಕಿನ ಹಿಂದೆ ಸಾಮಾನು ಬಿಗಿಯುವ ರಬ್ಬರು ಹಗ್ಗ ಬಿಚ್ಚಿಕೊಂಡು, ಚಪ್ಪಲಿ ಕಳಚಿ, ಬಿಳಲು ಹಿಡಿದು ಬುಡದ ಕವಲಿನವರೆಗೆ ಹತ್ತಿ, ಗಂಟನ್ನು ಎಳೆದುಕೊಂಡು ಮೇಲಿನ ಕೊಂಬೆಗೆ ಬಿಗಿದೆ.

ಇಳಿದು ನೋಡಿದರೆ ಟ್ರ್ಯಾಕ್ಟರಿನ ಯಜಮಾನ ನನ್ನನ್ನು ಹುಡುಕಿಕೊಂಡು ಬಂದು ಏರಿಯ ಮೇಲೆ ನಿಂತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ.

"ಅದು ನಮ್ಮನೆ ಎಮ್ಮೇದು ಸಾ" ಎಂದ. "ನೀವ್ಯಾಕ್ ಮರ ಅತ್ತಿದ್ರಿ?"

"ಕೆಳಗಿತ್ತು. ನಾಯಿ ಇತ್ತು" ಎಂದೆ.

ಅವನು ನಾಯಿಯನ್ನು ನೋಡಿದ, ಗಂಟನ್ನು ನೋಡಿದ, ಮಣ್ಣಾದ ನನ್ನ ಪ್ಯಾಂಟನ್ನು ನೋಡಿದ. ಹಳೆ ಗಾಡಿ ಕೊಳ್ಳಲು ನಂಜನಗೂಡಿನಿಂದ ಬಂದ ವ್ಯಾಪಾರಿಯೊಬ್ಬ ತನ್ನ ಎಮ್ಮೆಯ ಹಾಲಿನ ಚಿಂತೆಯಿಂದ ಮರ ಹತ್ತಿದ ಎಂಬುದನ್ನು ಅವನು ಮನಸ್ಸಿನಲ್ಲೇ ತಿರುಗಿಸಿ ಮುರುಗಿಸಿ ನೋಡುತ್ತಿದ್ದುದು ನನಗೆ ಕಾಣುತ್ತಿತ್ತು. ಅವನ ಕಣ್ಣು ನಿಧಾನವಾಗಿ ಕಿರಿದಾಯಿತು.

"ರೇಟು ಮಾತ್ರ ಏಳಿದ್ದೇ ಸಾ. ಒಂದ್ ರೂಪಾಯೂ ಬುಡಕ್ಕಿಲ್ಲ" ಎಂದ.

ಆ ಕಣ್ಣನ್ನು ನಾನು ಬಲ್ಲೆ. ಅತ್ತೆ ಇದ್ದಿದ್ದರೆ, ನನ್ನನ್ನು ಅವಳೂ ಹಾಗೇ ನೋಡುತ್ತಿದ್ದಳು.